ಹದವರಿತ ಯಂತ್ರಶಿಲ್ಪಿ

ಅಡುಗೆ ಮಾಡುವವರಿಗೆ ಪಾಕದ ಹದ ತಿಳಿದಿರಬೇಕು. ಒಕ್ಕಲಿಗನಿಗೆ ಮಣ್ಣಿನ ಹದ, ಕುಂಬಾರನಿಗೆ ಜೇಡಿಯ ಹದ ತಿಳಿದಿರಬೇಕು. ಸಕ್ಕರೆ, ನೀರು, ಬೆಂಕಿ ಎಲ್ಲವೂ ಇದ್ದು ಹದವೊಂದು ತಪ್ಪಿದರೆ ಪಾಕವು ಕಲ್ಲಿನಂತೆ ಗಟ್ಟಿಯಾಗುತ್ತದೆ, ಇಲ್ಲವೆ ನೀರಾಗಿಯೇ ಉಳಿಯುತ್ತದೆ. ಯಂತ್ರಗಳಿಗೂ ಇಂಥ ಹದವೊಂದು ಉಂಟು. ಪೆಟ್ರೋಲು ಎಂಜಿನ್ನಿನ ಆಹಾರವೆಂದು ನಾವು ಹೇಳುತ್ತೇವೆ. ಆದರೆ ಬರಿಯ ಪೆಟ್ರೋಲನ್ನು ಎಂಜಿನ್ನಿನೊಳಗೆ ಸುರಿದರೆ ಅದು ಓಡಲಾರದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಸೇರಬೇಕು. ಎರಡೂ ಮಂಜಿನಂತೆ ಬೆರೆತಿರುವಾಗ ಕಿಡಿ ತಾಗಿದರೆ ಮಿಶ್ರಣವು ಒಮ್ಮೆಗೇ ಉರಿದು ಎಂಜಿನ್ನಿಗೆ ಬಲ ಬರುತ್ತದೆ.

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅಡ್ಡರಸ್ತೆಗಳಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳು ಗುಡುಗುಡಿಸುತ್ತ ಸಾಗುವುದನ್ನು ಇಂದಿಗೂ ಕಾಣಬಹುದು. ಅವುಗಳಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳೂ ಉಂಟು. ಅಂಥ ವಾಹನವು ಮುನಿಸಿಕೊಂಡು ನಿಂತಾಗ ಮೆಕ್ಯಾನಿಕ್ಕನ ಕೈ ಮೊದಲು ಹೋಗುವ ಜಾಗಗಳಲ್ಲಿ ಎಂಜಿನ್ನಿನ ಪಕ್ಕದ ಒಂದು ಪುಟ್ಟ ಲೋಹದ ಡಬ್ಬಿಯೂ ಒಂದು. ಮುಷ್ಟಿಯಲ್ಲಿ ಹಿಡಿಸುವ ಆ ಡಬ್ಬಿಯೇ ಕಾರ್ಬುರೇಟರ್. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸುವುದು ಅದರ ಕೆಲಸ. ನೂರು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಮೋಟಾರುಗಳನ್ನು ನಡೆಸಿದ ಈ ಸಾಧನಕ್ಕೆ ಅದರ ನೆಲೆನಿಂತ ರೂಪವನ್ನು ಕೊಟ್ಟವರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮೈಬಾಕ್ ಮುಖ್ಯನಾದವನು. ಪೆಟ್ರೋಲಿನಿಂದ ಓಡಿದ ಮೊತ್ತಮೊದಲ ಮೋಟಾರ್ ಸೈಕಲ್ಲೆಂದು ಗಣಿಸಲಾಗುವ ವಾಹನವನ್ನು ನಿರ್ಮಿಸಿದ ಇಬ್ಬರಲ್ಲಿಯೂ ಅವನು ಒಬ್ಬನು.

ಮೈಬಾಕ್ ೧೮೪೬ರ ಫೆಬ್ರವರಿ ೯ರಂದು ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಮರಗೆಲಸದವನು. ಮಗನು ಚಿಕ್ಕವನಾಗಿದ್ದಾಗಲೇ ಕುಟುಂಬವು ಬದುಕನ್ನರಸಿ ಸ್ಟುಟ್‌ಗಾರ್ಟ್ ನಗರಕ್ಕೆ ಬಂದು ನೆಲೆಸಿತು. ಆದರೆ ಅಲ್ಲಿ ಕಾದಿದ್ದುದು ದುಃಖ. ಮೊದಲು ತಾಯಿ, ಅನಂತರ ತಂದೆ ಹೀಗೆ ಇಬ್ಬರೂ ತೀರಿಕೊಂಡರು. ಹತ್ತು ವರ್ಷ ತುಂಬುವ ವೇಳೆಗೆ ವಿಲ್‌ಹೆಲ್ಮ್ ತಬ್ಬಲಿಯಾಗಿದ್ದನು.

ತಂದೆತಾಯಿಗಳಿಲ್ಲದ ಆ ಮಕ್ಕಳ ಸ್ಥಿತಿಯನ್ನು ಊರಿನ ಪತ್ರಿಕೆಯೊಂದು ಪ್ರಕಟಿಸಿ, ಉದಾರಿಗಳ ನೆರವನ್ನು ಬೇಡಿತು. ಗುಸ್ಟಾವ್ ವೆರ್ನರ್ ಎಂಬ ಪಾದ್ರಿಯು ರಾಯ್ಟ್‌ಲಿಂಗನ್ ಎಂಬ ಊರಿನಲ್ಲಿ ಅನಾಥರಿಗಾಗಿ ಒಂದು ಆಶ್ರಮವನ್ನು ನಡೆಸುತ್ತಿದ್ದನು. ಅವನು ವಿಲ್‌ಹೆಲ್ಮನನ್ನು ಅಲ್ಲಿ ಸೇರಿಸಿಕೊಂಡನು. ಅನ್ನದೊಡನೆ ಕಸುಬನ್ನೂ ಕೊಡುವುದು ಆ ಆಶ್ರಮದ ರೀತಿ. ಅದಕ್ಕಾಗಿ ಅಲ್ಲಿ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದಿತ್ತು. ಹುಡುಗನಿಗೆ ಚಿತ್ರ ಬರೆಯುವುದರಲ್ಲಿಯೂ ಲೆಕ್ಕದಲ್ಲಿಯೂ ಇದ್ದ ಆಸಕ್ತಿಯನ್ನು ಹಿರಿಯರು ಗುರುತಿಸಿ, ಅವನನ್ನು ಯಂತ್ರಗಳ ನಕ್ಷೆ ಬರೆಯುವ ವಿಭಾಗಕ್ಕೆ ಹಾಕಿದರು. ಹಗಲು ನಕ್ಷೆಯ ಕೆಲಸವನ್ನು ಮಾಡುತ್ತ, ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ಗಣಿತಗಳ ಪಾಠಗಳನ್ನು ಹೆಚ್ಚಾಗಿ ಕಲಿಯುತ್ತ ಅವನು ಬೆಳೆದನು. ಹತ್ತೊಂಬತ್ತನೆಯ ವಯಸ್ಸಿಗೆ ನುರಿತ ವಿನ್ಯಾಸಕಾರನಾದನು.

ಇಷ್ಟರಲ್ಲಿ ಆ ಕಾರ್ಖಾನೆಗೆ ಗಾಟ್‌ಲೀಬ್ ಡೈಮ್ಲರ್ ಎಂಬ ಎಂಜಿನಿಯರನು ಮೇಲ್ವಿಚಾರಕನಾಗಿ ಬಂದಿದ್ದನು. ಅವನು ಮೈಬಾಕನಿಗಿಂತ ಸುಮಾರು ಹನ್ನೆರಡು ವರ್ಷ ಹಿರಿಯನು. ಧೈರ್ಯಶಾಲಿ, ಮುನ್ನುಗ್ಗುವ ಸ್ವಭಾವದವನು. ಮೈಬಾಕನಾದರೋ ಮಿತಭಾಷಿ, ನಕ್ಷೆಯ ಹಲಗೆಯ ಮುಂದೆ ಕುಳಿತರೆ ಅವನಿಗೆ ಹೊತ್ತು ಹೋದುದೇ ತಿಳಿಯುತ್ತಿರಲಿಲ್ಲ. ಇವರಿಬ್ಬರ ಸ್ನೇಹವು ಡೈಮ್ಲರನ ಕೊನೆಯುಸಿರಿನವರೆಗೂ ಉಳಿಯಿತು. ಡೈಮ್ಲರನು ೧೮೬೯ರಲ್ಲಿ ಕಾರ್ಲ್ಸ್‌ರೂಹೆಗೆ ಹೋದಾಗ ಮೈಬಾಕನೂ ಅಲ್ಲಿಗೆ ಹೋದನು. ೧೮೭೨ರಲ್ಲಿ ಡೈಮ್ಲರನು ಕಲೋನ್ ಬಳಿಯ ಡಾಯ್ಟ್ಸ್ ಎಂಜಿನ್ ಕಾರ್ಖಾನೆಯನ್ನು ಸೇರಿದಾಗ ಮೈಬಾಕನೂ ಅಲ್ಲಿಗೆ ಬಂದು ಮುಖ್ಯ ವಿನ್ಯಾಸಕಾರನಾದನು.

ಆ ಕಾರ್ಖಾನೆಯಲ್ಲಿಯೇ ನಿಕೊಲಾಸ್ ಆಟೋ ಎಂಬವನು ೧೮೭೬ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ರೂಪಿಸಿದನು. ಅದು ಉತ್ತಮವಾದ ಎಂಜಿನ್ನೇ ಆಗಿತ್ತು. ಆದರೆ ಅದು ಬಹಳ ಭಾರವಾದುದು, ನಿಧಾನವಾಗಿ ತಿರುಗುವಂಥದು. ಕಲ್ಲಿದ್ದಲಿನ ಅನಿಲವನ್ನು ಕೊಳವೆಯ ಮೂಲಕ ಪಡೆದು, ನೆಲಕ್ಕೆ ಬಿಗಿದು ಕೂರಿಸಿದಲ್ಲಿಯೇ ಕೆಲಸ ಮಾಡುತ್ತಿತ್ತು. ಎಂಜಿನ್ನು ನೆಲವನ್ನು ಬಿಟ್ಟು ಚಲಿಸಬೇಕಾದರೆ ಅದು ಹಗುರಾಗಬೇಕು, ವೇಗವಾಗಿ ತಿರುಗಬೇಕು, ತನ್ನ ಆಹಾರವನ್ನು ತಾನೇ ಹೊತ್ತುಕೊಂಡು ಹೋಗಬೇಕು ಎಂದು ಡೈಮ್ಲರ್ ಮತ್ತು ಮೈಬಾಕ್ ಯೋಚಿಸಿದರು. ಆ ಯೋಚನೆಯೊಡನೆ ಅವರು ೧೮೮೨ರಲ್ಲಿ ಡಾಯ್ಟ್ಸನ್ನು ತೊರೆದು ಸ್ಟುಟ್‌ಗಾರ್ಟಿನ ಪಕ್ಕದ ಕಾನ್‌ಸ್ಟಾಟಿಗೆ ಬಂದರು.

ಡೈಮ್ಲರನ ಮನೆಯ ತೋಟದಲ್ಲಿ ಗಾಜಿನ ಗೋಡೆಗಳ ಒಂದು ಸಣ್ಣ ಮನೆಯಿತ್ತು. ಅದೇ ಅವರ ಕಾರ್ಯಾಗಾರವಾಯಿತು. ಹಗಲಿರುಳೂ ಅಲ್ಲಿಂದ ಲೋಹವನ್ನು ಬಡಿಯುವ ಸದ್ದು ಕೇಳಿಬರುತ್ತಿತ್ತು. ಒಳಗೆ ಏನು ನಡೆಯುತ್ತಿದೆಯೆಂಬುದು ತೋಟದ ಮಾಲಿಗೂ ತಿಳಿಯದು. ಇಬ್ಬರೂ ಸೇರಿ ಖೋಟಾ ನಾಣ್ಯಗಳನ್ನು ಟಂಕಿಸುತ್ತಿರಬೇಕೆಂದು ಅವನು ಪೊಲೀಸರಿಗೆ ದೂರಿತ್ತನೆಂದೂ, ಪೊಲೀಸರು ಬಂದು ಶೋಧಿಸಿದಾಗ ಬರಿಯ ಎಂಜಿನ್ನುಗಳೂ ಹತ್ಯಾರುಗಳೂ ಕಂಡುವೆಂದೂ ಹೇಳುತ್ತಾರೆ.

ಆ ತೋಟದ ಮನೆಯಿಂದ ಹೊರಬಂದ ಎಂಜಿನ್ನು ನಿಮಿಷಕ್ಕೆ ಆರುನೂರು ಸುತ್ತು ತಿರುಗುತ್ತಿತ್ತು. ಅಂದಿನ ದೊಡ್ಡ ಎಂಜಿನ್ನುಗಳು ಇನ್ನೂರು ಸುತ್ತುಗಳನ್ನೂ ಮುಟ್ಟುತ್ತಿರಲಿಲ್ಲವೆಂಬುದನ್ನು ನೆನೆದರೆ ಇದರ ಹೆಚ್ಚಳವು ಅರ್ಥವಾಗುತ್ತದೆ. ನೆಟ್ಟಗೆ ನಿಂತಿದ್ದ ಅದರ ಆಕಾರವನ್ನು ಕಂಡು ಜನ ಅದನ್ನು ಅಜ್ಜನ ಗಡಿಯಾರವೆಂದು ಕರೆದರು. ೧೮೮೫ರಲ್ಲಿ ಅದನ್ನು ಮರದ ಚೌಕಟ್ಟಿನ ಒಂದು ಎರಡು ಚಕ್ರದ ಗಾಡಿಗೆ ಜೋಡಿಸಿದರು. ಗಾಡಿಯು ಬೀಳದಿರಲೆಂದು ಎರಡು ಪಕ್ಕಗಳಲ್ಲಿಯೂ ಪುಟ್ಟ ಚಕ್ರಗಳಿದ್ದವು. ಎಂಜಿನ್ನಿನ ಬಲ ಅರ್ಧ ಕುದುರೆಯಷ್ಟು. ಆ ವರ್ಷದ ನವೆಂಬರಿನಲ್ಲಿ ಈ ವಾಹನವು ಕಾನ್‌ಸ್ಟಾಟಿನಿಂದ ಉಂಟರ್‌ಟೂರ್ಕ್‌ಹೈಮಿನವರೆಗೆ ಸುಮಾರು ಮೂರು ಕಿಲೋಮೀಟರು ಓಡಿತು. ಆಸನದ ಕೆಳಗೆಯೇ ಎಂಜಿನ್ನನ್ನು ಕಾಯಿಸುವ ಬೆಂಕಿಯಿದ್ದುದರಿಂದ ಆಸನಕ್ಕೆ ಕಿಚ್ಚು ಹತ್ತಿಕೊಂಡಿತೆಂಬ ಮಾತೂ ಉಂಟು. ಇಂದು ನಮ್ಮ ಬೀದಿಗಳನ್ನು ತುಂಬಿರುವ ಮೋಟಾರ್ ಸೈಕಲ್ಲುಗಳ ವಂಶಕ್ಕೆ ಆ ಮರದ ಗಾಡಿಯೇ ಮೂಲಪುರುಷ.

ವಾಹನವೇನೋ ಓಡಿತು. ಆದರೆ ಮೈಬಾಕನಿಗೆ ಸಮಾಧಾನವಾಗಲಿಲ್ಲ. ಆ ಗಾಡಿಯಲ್ಲಿ ಗಾಳಿಯು ಪೆಟ್ರೋಲಿನ ಮೇಲೆ ಹಾದು, ಅದರ ಆವಿಯನ್ನು ಹೀರಿಕೊಂಡು ಎಂಜಿನ್ನಿಗೆ ಹೋಗುತ್ತಿತ್ತು. ಈ ಏರ್ಪಾಡಿನಲ್ಲಿ ದೋಷಗಳಿದ್ದವು. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶವು ಮೊದಲು ಹೋಗಿಬಿಡುತ್ತಿತ್ತು. ಸುಲಭವಾಗಿ ಆವಿಯಾಗದ ಅಂಶವು ತಳದಲ್ಲಿ ಉಳಿಯುತ್ತಿತ್ತು. ಚಳಿಯಲ್ಲಿ ಆವಿ ಕಡಿಮೆ, ಬಿಸಿಲಿನಲ್ಲಿ ಹೆಚ್ಚು. ರಸ್ತೆಯ ಕುಲುಕಾಟಕ್ಕೆ ಪೆಟ್ರೋಲು ತುಳುಕಿದರೆ ಮಿಶ್ರಣವು ಗಳಿಗೆಗೊಂದು ಬಗೆಯಾಗುತ್ತಿತ್ತು. ಒಟ್ಟಿನಲ್ಲಿ ಎಂಜಿನ್ನಿಗೆ ಬೇಕಾದ ಹದವು ಮನುಷ್ಯನ ಹಿಡಿತದಲ್ಲಿರಲಿಲ್ಲ. ಅದು ಹವೆ ಮತ್ತು ರಸ್ತೆಗಳ ಹಂಗಿನಲ್ಲಿತ್ತು. ಇದನ್ನು ಬಗೆಹರಿಸದೆ ಮೋಟಾರು ನೆಚ್ಚಿಕೊಳ್ಳಬಹುದಾದ ವಾಹನವಾಗುವುದು ಸಾಧ್ಯವಿರಲಿಲ್ಲ.

ಈ ಸಮಸ್ಯೆಯು ಬಗೆಹರಿದ ಕಾಲವೂ ಗಮನಾರ್ಹವಾದುದು. ಎಂಜಿನ್ನುಗಳನ್ನು ಹೆಚ್ಚಾಗಿ ತಯಾರಿಸಲು ಹಣ ಬೇಕಾದುದರಿಂದ ೧೮೯೦ರಲ್ಲಿ ಹಣವಂತರ ಸಹಾಯದಿಂದ ಡೈಮ್ಲರ್ ಕಂಪೆನಿಯು ಸ್ಥಾಪನೆಯಾಯಿತು. ಕಂಪೆನಿಯ ಹಿಡಿತವು ಬಂಡವಾಳ ಹೂಡಿದವರ ಕೈಗೆ ಹೋಯಿತು. ಅವರು ಮೈಬಾಕನಿಗೆ ನೀಡಿದ ಕರಾರು ಅವನಿಗೆ ಒಪ್ಪಿಗೆಯಾಗಲಿಲ್ಲ. ೧೮೯೧ರ ಫೆಬ್ರವರಿಯಲ್ಲಿ ಅವನು ಕಂಪೆನಿಯಿಂದ ಹೊರಬಂದನು. ತಾನು ರೂಪಿಸಿದ ಎಂಜಿನ್ನುಗಳು ಒಳಗಿದ್ದವು; ಅವನು ಹೊರಗಿದ್ದನು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದ ನಲವತ್ತೈದು ವರ್ಷದ ಗೃಹಸ್ಥನಿಗೆ ಇದು ಸಣ್ಣ ಪೆಟ್ಟಾಗಿರಲಿಲ್ಲ. ಆದರೂ ಅವನು ಹಲಗೆಯ ಮೇಲಿನ ನಕ್ಷೆಯನ್ನು ಬಿಡಲಿಲ್ಲ. ಕೆಲಕಾಲ ಮನೆಯಲ್ಲಿಯೇ ಕೆಲಸ ಮಾಡಿದನು. ಅನಂತರ ಡೈಮ್ಲರನ ನೆರವಿನಿಂದ ಕಾನ್‌ಸ್ಟಾಟಿನ ಹರ್ಮನ್ ಎಂಬ ಹೋಟೆಲಿನ ತೋಟದ ಸಭಾಂಗಣವೊಂದರಲ್ಲಿ ಕಾರ್ಯಾಗಾರವನ್ನು ಹೂಡಿದನು. ಹನ್ನೆರಡು ಮಂದಿ ಕೆಲಸಗಾರರೂ ಕಲಿಯಲು ಬಂದ ಐವರು ಹುಡುಗರೂ ಅವನೊಡನಿದ್ದರು.

ಅಲ್ಲಿ ೧೮೯೩ರಲ್ಲಿ ಸಿದ್ಧವಾದುದೇ ಸಿಂಪಡಿಸುವ ಕಾರ್ಬುರೇಟರ್. ಅದರ ತತ್ತ್ವವು ಸರಳವಾದುದು. ಒಂದು ಪುಟ್ಟ ತೊಟ್ಟಿಯಲ್ಲಿ ಪೆಟ್ರೋಲು ತುಂಬಿರುತ್ತದೆ. ಅದರ ಮೇಲೆ ಒಂದು ತೇಲುಬುರುಡೆ. ಪೆಟ್ರೋಲು ಸಾಕಷ್ಟು ಮೇಲಕ್ಕೆ ಬಂದೊಡನೆ ಬುರುಡೆಯೂ ಮೇಲೆದ್ದು ಒಳಹರಿವನ್ನು ಮುಚ್ಚುತ್ತದೆ. ಪೆಟ್ರೋಲು ಇಳಿದರೆ ತಾನೂ ಇಳಿದು ದಾರಿ ಬಿಡುತ್ತದೆ. ನಮ್ಮ ಮನೆಗಳ ನೀರಿನ ತೊಟ್ಟಿಯಲ್ಲಿ ಬುರುಡೆಯಿರುವ ನಲ್ಲಿಯು ಮಾಡುವ ಕೆಲಸವೂ ಇದೇ. ತೊಟ್ಟಿಯಿಂದ ಸೂಕ್ಷ್ಮ ರಂಧ್ರದ ಒಂದು ಮೂತಿಯು ಗಾಳಿಯ ಕೊಳವೆಯೊಳಕ್ಕೆ ಚಾಚಿಕೊಂಡಿರುತ್ತದೆ. ಇದನ್ನೇ ಜೆಟ್ಟು ಎನ್ನುತ್ತಾರೆ. ಎಂಜಿನ್ನು ಗಾಳಿಯನ್ನು ಎಳೆದುಕೊಂಡಾಗ ಗಾಳಿಯು ಆ ಮೂತಿಯ ಬಳಿ ರಭಸವಾಗಿ ಹಾದುಹೋಗುತ್ತದೆ. ರಭಸವಾಗಿ ಹರಿಯುವೆಡೆಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಪೆಟ್ರೋಲು ತಾನಾಗಿ ಮೇಲೆದ್ದು ಹನಿಹನಿಯಾಗಿ ಸಿಡಿದು ಗಾಳಿಯೊಡನೆ ಬೆರೆಯುತ್ತದೆ. ಹೆಚ್ಚು ಗಾಳಿ ಹೋದಾಗ ಹೆಚ್ಚು ಪೆಟ್ರೋಲು, ಕಡಿಮೆ ಗಾಳಿ ಹೋದಾಗ ಕಡಿಮೆ ಪೆಟ್ರೋಲು. ಹೀಗೆ ಎಂಜಿನ್ನು ತನಗೆ ಬೇಕಾದುದನ್ನು ತಾನೇ ಬಡಿಸಿಕೊಳ್ಳುವಂತಾಯಿತು.

ಅದೇ ವರ್ಷ ಹಂಗರಿ ದೇಶದಲ್ಲಿ ಬಾಂಕಿ ಮತ್ತು ಚೋಂಕಾ ಎಂಬ ಇಬ್ಬರು ಎಂಜಿನಿಯರರು ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡು, ಮೈಬಾಕನಿಗಿಂತ ಕೆಲವು ತಿಂಗಳು ಮೊದಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಆದುದರಿಂದ ಆ ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲಬೇಕು. ಆದರೆ ಈ ಸಾಧನವನ್ನು ಹಗುರವಾದ, ವೇಗವಾದ ಎಂಜಿನ್ನುಗಳಿಗೆ ಅಳವಡಿಸಿ, ವಾಹನಗಳೊಡನೆ ಲೋಕದ ರಸ್ತೆಗಳಿಗೆ ತಂದವನು ಮೈಬಾಕನು.

ಆ ತತ್ತ್ವವು ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಲು ನಾವು ಜರ್ಮನಿಗೆ ಹೋಗಬೇಕಾಗಿಲ್ಲ. ಹಳೆಯ ಜಾವಾ ಬಂಡಿಯ ಕಾರ್ಬುರೇಟರನ್ನು ಸರಿಪಡಿಸುವ ಬೆಂಗಳೂರಿನ ಮೆಕ್ಯಾನಿಕ್ಕನ ಕೈಗಳನ್ನು ಗಮನಿಸಿದರೆ ಸಾಕು. ಅವನು ಮೊದಲು ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರನ್ನು ಬಿಚ್ಚಿ, ತೊಟ್ಟಿಯ ತಳದಲ್ಲಿ ಕೂತ ಕೊಳೆಯನ್ನು ತೊಳೆಯುತ್ತಾನೆ. ಬಹಳ ದಿನ ನಿಂತ ಬಂಡಿಯಲ್ಲಿ ಪೆಟ್ರೋಲು ಆರಿ ಅಂಟಾಗಿ ಜೆಟ್ಟಿನ ರಂಧ್ರವನ್ನು ಕಟ್ಟಿರುತ್ತದೆ. ಆ ರಂಧ್ರವನ್ನು ಗಾಳಿಯೂದಿ ಬಿಡಿಸುತ್ತಾನೆ. ಬಲ್ಲವನು ಉಕ್ಕಿನ ತಂತಿಯನ್ನು ಅದರೊಳಗೆ ತೂರಿಸುವುದಿಲ್ಲ. ಕೂದಲೆಳೆಯಷ್ಟು ರಂಧ್ರವು ಹಿಗ್ಗಿದರೂ ಪೆಟ್ರೋಲು ಹೆಚ್ಚಾಗಿ ಹದ ಕೆಡುತ್ತದೆಂದು ಅವನಿಗೆ ಗೊತ್ತು. ತೇಲುಬುರುಡೆಯಲ್ಲಿ ತೂತಿದೆಯೇ ಎಂದು ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ಒಳಗೆ ಪೆಟ್ರೋಲು ಕುಲುಕಿದ ಸದ್ದಾದರೆ ಬುರುಡೆ ತೇಲದು, ತೊಟ್ಟಿ ತುಂಬಿ ಚೆಲ್ಲುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಬಿಸಿ ಮಾಡುತ್ತಾನೆ. ಅನಂತರ ಗಾಳಿಯ ಸ್ಕ್ರೂವನ್ನು ನಿಧಾನವಾಗಿ ಒಳಕ್ಕೆ ತಿರುಗಿಸುತ್ತಾನೆ. ಗಾಳಿ ಕಡಿಮೆಯಾದಂತೆ ಎಂಜಿನ್ನು ಗಂಟಲು ಕಟ್ಟಿದಂತೆ ಮುಗ್ಗರಿಸುತ್ತದೆ. ಹೊರಕ್ಕೆ ತಿರುಗಿಸುತ್ತ ಹೋದರೆ ಸದ್ದು ಚುರುಕಾಗಿ, ಇನ್ನೂ ಮುಂದೆ ಹೋದರೆ ಗಾಳಿ ಮಿತಿಮೀರಿ ಮತ್ತೆ ಮುಗ್ಗರಿಸುತ್ತದೆ. ಈ ಎರಡು ತಪ್ಪುಗಳ ನಡುವೆ ಎಲ್ಲಿ ಎಂಜಿನ್ನು ಸರಾಗವಾಗಿ ಹಾಡುವುದೋ ಅಲ್ಲಿ ಕೈಯನ್ನು ನಿಲ್ಲಿಸುತ್ತಾನೆ. ವೈಣಿಕನು ಶ್ರುತಿ ಹಿಡಿಯುವಾಗ ಬಳಸುವ ಕಿವಿಯೇ ಇಲ್ಲಿಯೂ ಬೇಕು. ಬಂಡಿಯನ್ನು ಸ್ವಲ್ಪ ದೂರ ಓಡಿಸಿ ಬಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದೂ ಉಂಟು. ಪ್ಲಗ್ಗಿನ ಮೂತಿಗೆ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ಕಾಫಿಯ ಕಂದುಬಣ್ಣವಿದ್ದರೆ ಹದ ಸರಿಯಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯು ಕರಾವಳಿಯ ಗಾಳಿಗಿಂತ ತೆಳು. ಮಂಗಳೂರಿನಲ್ಲಿ ಹದಗೊಳಿಸಿದ ಬಂಡಿಯನ್ನು ಇಲ್ಲಿಗೆ ತಂದರೆ ಪೆಟ್ರೋಲಿನ ಪಾಲು ತುಸು ಹೆಚ್ಚಾದಂತೆ ಆಗುವುದು. ಊರು ಬದಲಾದರೆ ಹದವೂ ಬದಲಾಗುತ್ತದೆ.

ಮೈಬಾಕನ ಈ ಕೆಲಸವು ಅವನನ್ನು ಹೊರಗಿಟ್ಟಿದ್ದ ಕಂಪೆನಿಯ ಬಾಗಿಲನ್ನೇ ತೆರೆಯಿಸಿತು. ಕಂಪೆನಿಯು ನಷ್ಟಕ್ಕೆ ಸಿಲುಕಿತ್ತು. ಹೋಟೆಲಿನ ಸಭಾಂಗಣದಲ್ಲಿ ಸಿದ್ಧವಾದ ಹೊಸ ಎಂಜಿನ್ನಿಗೆ ಹೊರದೇಶಗಳಲ್ಲಿ ಬೇಡಿಕೆ ಬಂದಿತು. ೧೮೯೫ರಲ್ಲಿ ಡೈಮ್ಲರನೂ ಮೈಬಾಕನೂ ಗೌರವದಿಂದ ಮರಳಿದರು; ಮೈಬಾಕನು ತಾಂತ್ರಿಕ ಮುಖ್ಯಸ್ಥನಾದನು. ೧೯೦೦ರ ಮಾರ್ಚಿಯಲ್ಲಿ ಡೈಮ್ಲರನು ತೀರಿಕೊಂಡನು. ಮೂವತ್ತೈದು ವರ್ಷಗಳ ಒಡನಾಡಿಯನ್ನು ಕಳೆದುಕೊಂಡ ದುಃಖದಲ್ಲಿಯೂ ಮೈಬಾಕನು ಕೈಕಟ್ಟಿ ಕೂರಲಿಲ್ಲ. ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿಯ ಬೇಡಿಕೆಯಂತೆ ಮೂವತ್ತೈದು ಕುದುರೆಬಲದ ಹೊಸ ಕಾರನ್ನು ರೂಪಿಸಿದನು. ನೆಲಕ್ಕೆ ತಗ್ಗಾದ ಮೈಕಟ್ಟು, ಹಗುರವಾದ ಎಂಜಿನ್ನು, ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳಿಂದ ಜೇನುಹುಟ್ಟಿನಂತೆ ಹೆಣೆದ ನೀರು ತಂಪಾಗಿಸುವ ಸಾಧನ ಇವು ಅದರ ಹೆಚ್ಚುಗಾರಿಕೆಗಳು. ೧೯೦೧ರಲ್ಲಿ ಫ್ರಾನ್ಸಿನ ನೀಸ್ ನಗರದ ಸ್ಪರ್ಧೆಗಳಲ್ಲಿ ಅದು ಎಲ್ಲರನ್ನೂ ಹಿಂದೆ ಹಾಕಿತು. ಅದುವರೆಗೆ ಎಂಜಿನ್ನು ಕಟ್ಟಿದ ಕುದುರೆಗಾಡಿಯಂತಿದ್ದ ಮೋಟಾರು ಆಗ ನಿಜವಾದ ಕಾರಾಯಿತು. ಫ್ರೆಂಚರು ಮೈಬಾಕನನ್ನು ವಿನ್ಯಾಸಕಾರರ ಅರಸನೆಂದು ಕೊಂಡಾಡಿದರು.

ಆದರೆ ಆ ಕಾರಿಗೆ ಯೆಲ್ಲಿನೆಕನ ಮಗಳ ಹೆಸರನ್ನಿಟ್ಟರು. ಮರ್ಸಿಡೀಸ್ ಎಂಬ ಆ ಹೆಸರು ಜಗತ್ತಿಗೆಲ್ಲ ತಿಳಿಯಿತು. ಮೊದಲ ಮೋಟಾರ್ ಸೈಕಲ್ಲಿನ ಪೇಟೆಂಟು ಡೈಮ್ಲರನ ಹೆಸರಿನಲ್ಲಿತ್ತು. ಕಂಪೆನಿಯ ಹೆಸರೂ ಡೈಮ್ಲರನದೇ. ನಕ್ಷೆ ಬರೆದವನ ಹೆಸರು ಎಲ್ಲಿಯೂ ಕಾಣುತ್ತಿರಲಿಲ್ಲ. ಗೆಳೆಯನಿಲ್ಲದ ಕಂಪೆನಿಯಲ್ಲಿ ಕ್ರಮೇಣ ಅವನನ್ನು ಮೂಲೆಗೆ ಒತ್ತಿದರು. ಅರುವತ್ತು ದಾಟಿದ ಮೈಬಾಕನು ೧೯೦೭ರಲ್ಲಿ ಎರಡನೆಯ ಸಲ ಅಲ್ಲಿಂದ ಹೊರನಡೆದನು.

ಆ ವಯಸ್ಸಿನಲ್ಲಿ ಇನ್ನೊಬ್ಬನಾಗಿದ್ದರೆ ವಿಶ್ರಾಂತಿಯನ್ನು ಬಯಸುತ್ತಿದ್ದನೇನೋ. ಮೈಬಾಕನ ದೃಷ್ಟಿಯಾದರೋ ಆಕಾಶದ ಕಡೆಗೆ ಹೊರಳಿತು. ಕೌಂಟ್ ಜೆಪ್ಪೆಲಿನ್ ಎಂಬವನು ಭಾರಿ ವಾಯುನೌಕೆಗಳನ್ನು ಕಟ್ಟಿಸುತ್ತಿದ್ದನು. ಅವುಗಳಿಗೆ ನಂಬಿಕೆಗೆ ಅರ್ಹವಾದ ಎಂಜಿನ್ನುಗಳು ಬೇಕಾಗಿದ್ದವು. ೧೯೦೯ರಲ್ಲಿ ಅದಕ್ಕಾಗಿ ಹೊಸ ಕಾರ್ಖಾನೆಯೊಂದು ಆರಂಭವಾಯಿತು. ಮೈಬಾಕನ ಮಗ ಕಾರ್ಲ್ ಅದರ ಹೊಣೆಯನ್ನು ಹೊತ್ತನು; ತಂದೆಯು ಮಾರ್ಗದರ್ಶಕನಾದನು. ೧೯೧೬ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯವು ಆಶ್ರಮದಲ್ಲಿ ಬೆಳೆದ ಈ ತಬ್ಬಲಿಗೆ ಗೌರವ ಡಾಕ್ಟರೇಟನ್ನು ನೀಡಿತು. ೧೯೨೧ರಿಂದ ಮಗನು ತಯಾರಿಸಿದ ಕಾರುಗಳ ಮೇಲೆ ಮೈಬಾಕ್ ಎಂಬ ಹೆಸರು ಕಾಣಿಸಿಕೊಂಡಿತು. ೧೯೨೯ರ ಆಗಸ್ಟಿನಲ್ಲಿ ಗ್ರಾಫ್ ಜೆಪ್ಪೆಲಿನ್ ಎಂಬ ವಾಯುನೌಕೆಯು ಭೂಮಿಯನ್ನೇ ಸುತ್ತಿ ಬಂದಿತು. ಅದನ್ನು ನಡೆಸಿದವು ಐದು ಮೈಬಾಕ್ ಎಂಜಿನ್ನುಗಳು. ಅದೇ ವರ್ಷದ ಡಿಸೆಂಬರ್ ೨೯ರಂದು, ತನ್ನ ಎಂಬತ್ತಮೂರನೆಯ ವಯಸ್ಸಿನಲ್ಲಿ, ವಿಲ್‌ಹೆಲ್ಮ್ ಮೈಬಾಕ್ ಸ್ಟುಟ್‌ಗಾರ್ಟಿನಲ್ಲಿ ಕಣ್ಣುಮುಚ್ಚಿದನು. ಕಾನ್‌ಸ್ಟಾಟಿನ ಸ್ಮಶಾನದಲ್ಲಿ ಡೈಮ್ಲರನ ಸಮಾಧಿಗೆ ಸಮೀಪದಲ್ಲಿಯೇ ಅವನ ಸಮಾಧಿಯಿದೆ.

ಅವರು ಕಟ್ಟಿದ ಮರದ ಮೋಟಾರ್ ಸೈಕಲ್ಲು ಈಗ ಇಲ್ಲ; ೧೯೦೩ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದಾಗ ಅದು ಸುಟ್ಟುಹೋಯಿತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣುವುವು ಅದರ ಪ್ರತಿರೂಪಗಳು. ಆದರೆ ಅದರ ಸಂತತಿಯು ನಮ್ಮ ನಾಡಿನವರೆಗೂ ಬಂದಿತು. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್ಲುಗಳು ತಯಾರಾದವು. ಮೈಬಾಕನ ಸ್ಟುಟ್‌ಗಾರ್ಟಿನಲ್ಲಿಯೇ ೧೮೮೬ರಲ್ಲಿ ಕಾರ್ಯಾಗಾರ ತೆರೆದ ರಾಬರ್ಟ್ ಬಾಷ್ ಎಂಬವನ ಸಂಸ್ಥೆಯ ಕವಲಾಗಿ ೧೯೫೧ರಲ್ಲಿ ಹುಟ್ಟಿದ ಮೈಕೋ ಕಂಪೆನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, ಸ್ಪಾರ್ಕ್ ಪ್ಲಗ್ಗುಗಳಿಗೂ ಡೀಸೆಲ್ ಪಂಪುಗಳಿಗೂ ಹೆಸರಾಯಿತು. ಬಿ.ಟಿ.ಎಂ. ಬಡಾವಣೆಯ ಬಳಿಯ ಮೈಕೋ ಲೇಔಟ್ ಎಂಬ ಹೆಸರಿನಲ್ಲಿ ಅದರ ನೆನಪು ಇಂದಿಗೂ ಉಳಿದಿದೆ.

ವಾಯುಮಾಲಿನ್ಯವನ್ನು ತಗ್ಗಿಸಲು ೨೦೨೦ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಕಟ್ಟುನಿಟ್ಟಾದ ನಿಯಮಗಳು ಜಾರಿಗೆ ಬಂದವು. ಆ ಬಳಿಕ ಬಹುಪಾಲು ಹೊಸ ಬಂಡಿಗಳಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ವಿದ್ಯುನ್ಮಾನದಿಂದ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಸಾಧನವು ಬಂದಿದೆ. ಅದು ಕಣ್ಣಿಗೆ ಕಾಣದ ಲೆಕ್ಕದಿಂದ ಕ್ಷಣಕ್ಷಣಕ್ಕೂ ಹದವನ್ನು ತಿದ್ದುತ್ತದೆ. ಸಾಧನವು ಬದಲಾದರೂ ಬೇಕಾದ ಹದವು ಅದೇ. ಹಳೆಯ ಬಂಡಿಯ ಮುಂದೆ ಮಂಡಿಯೂರಿ, ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಕಿವಿಗೊಡುವ ಮೆಕ್ಯಾನಿಕ್ಕನಿಗೆ ಮೈಬಾಕನ ಹೆಸರು ತಿಳಿದಿರಬಹುದು, ತಿಳಿಯದಿರಬಹುದು. ಆದರೆ ಬಾಡಿಗೆಯ ಸಭಾಂಗಣವೊಂದರಲ್ಲಿ ಕುಳಿತು, ತನಗಾದ ಅನ್ಯಾಯವನ್ನು ಬದಿಗಿಟ್ಟು, ಸಣ್ಣದೊಂದು ರಂಧ್ರದ ಅಳತೆಗಾಗಿ ಅವನು ಪಟ್ಟ ಶ್ರಮವು ಆ ಎಂಜಿನ್ನಿನ ಒಂದೊಂದು ಮಿಡಿತದಲ್ಲಿಯೂ ಇದೆ.